ಕಾಮಣ್ಣ ನಮ್ಮ ಅಂಗಳಕ್ಕೆ ಬಂದದ್ದು

ಹೋಳಿ ಹುಣ್ಣಿಮೆ, ಬೆಳಗಿನ ಆರು ಗಂಟೆ. ದಾಂಡೇಲಿಯ ನಮ್ಮ ಹೋಂಸ್ಟೇಯ ಟೆರೇಸ್. ಹಾಜರಿದ್ದವರು ನಾನು, ನನ್ನ ಯಜಮಾನರು, ಗದಗಿನಿಂದ ಬಂದು ಇಳಿದಿದ್ದ ಗಿರಾಕಿಗಳಾದ ಒಬ್ಬ ಅಜ್ಜ ಮತ್ತು ಅಜ್ಜಿ. ಅಡಿಗೆಯ ಹೆಂಗಸು, ನಾವೆಲ್ಲ ಬಾಯಿ ಎಂದು ಕರೆಯುವವಳು, ಕೆಳಗೆ ಹಿತ್ತಿಲಲ್ಲಿ ನೀರಿನ ಹಂಡೆಗೆ ಉರಿ ಹಾಕುತ್ತಿದ್ದಳು. ಅವಳನ್ನೂ ಹಾಜರಿ ಎಂದೇ ಹಿಡಿಯಬೇಕು.

ನಾನು ಹಳಿಯಾಳದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಆಗಿ ನಿವೃತ್ತಳಾದವಳು. ಗಂಟೆ ಹೊಡೆದರೆ ಏಳಬೇಕು, ಸೀಟಿ ಊದಿದರೆ ಸಾಲು ನಿಲ್ಲಬೇಕು. ಅದೇ ಪದ್ಧತಿಯನ್ನು ಈ ಮನೆಗೂ ತಂದಿದ್ದೇನೆ. ಜಗಲಿಯ ಕರಿಹಲಗೆಯ ಮೇಲೆ ಬರೆದಿರುತ್ತದೆ: ಆರೂವರೆಗೆ ಚಹಾ, ಎಂಟಕ್ಕೆ ನಾಷ್ಟಾ, ಹತ್ತರ ನಂತರ ಬಿಸಿನೀರಿಲ್ಲ, ರಾತ್ರಿ ಒಂಬತ್ತಕ್ಕೆ ಗೇಟಿನ ಚಿಲಕ. ಯಜಮಾನರು ಮಿಲ್ಲಿನಲ್ಲಿ ಶಿಫ್ಟ್ ಡ್ಯೂಟಿ ಮಾಡಿದವರು. ಅಷ್ಟು ವರ್ಷ ಮಿಲ್ಲಿನ ಸೈರನ್ನಿನ, ಆ ಭೋಂಗಾದ, ಸದ್ದಿಗೆ ಎದ್ದಿದ್ದಾಯಿತು, ಈಗ ಬಾಕಿ ಉಳಿದ ನಿದ್ದೆಯನ್ನು ವಸೂಲು ಮಾಡುತ್ತಿದ್ದೇನೆ ಎನ್ನುತ್ತಾರೆ. ಆದರೂ ಆ ವಾರ ಅವರು ತಾವಾಗಿಯೇ ಆರಕ್ಕೆ ಏಳುತ್ತಿದ್ದರು. ಕಾರಣ ಓಣಿಯ ತುದಿಯ ಮತ್ತಿಮರ.

ಕಳೆದ ಮಳೆಗಾಲದಲ್ಲಿ ಆ ಮರದ ಒಂದು ದೊಡ್ಡ ಕೊಂಬೆ ಮುರಿದು, ಕಾಂಡದಲ್ಲಿ ಪೊಟರೆಯಾಗಿತ್ತು. ಮಾವು ಹೂ ಬಿಡುವ ಹೊತ್ತಿಗೆ ಜೋಡಿ ಮಂಗಟ್ಟೆ ಹಕ್ಕಿ ಬಂದು ಪೊಟರೆಯನ್ನು ಪರೀಕ್ಷಿಸಿದವು. ಕೆಲವು ದಿನಗಳಲ್ಲಿ ಹೆಣ್ಣು ಒಳಗೆ ಹೋಗಿ ಕೂತಿತು. ಪೊಟರೆಯ ಬಾಯಿಗೆ ಮಣ್ಣು, ಹಿಕ್ಕೆ ಮೆತ್ತಿ ಗೋಡೆ ಕಟ್ಟಿಕೊಂಡು, ಕೊಕ್ಕು ಹಿಡಿಸುವಷ್ಟು ಸೀಳು ಮಾತ್ರ ಬಿಟ್ಟಿತು. ಮೊಟ್ಟೆ ಇಟ್ಟು, ಮರಿ ಬೆಳೆಯುವ ತನಕ ಅದು ಹೊರಗೆ ಬರುವುದಿಲ್ಲ. ರೆಕ್ಕೆಯ ಗರಿಗಳೂ ಒಳಗೇ ಉದುರಿಬಿಡುತ್ತವೆ. ಅಲ್ಲಿಯ ತನಕ ಅದರ ಅನ್ನ ನೀರು ಎಲ್ಲ ಗಂಡಿನ ಜವಾಬ್ದಾರಿ. ಗಂಡು ಬಾರದಿದ್ದರೆ ಒಳಗಿದ್ದದ್ದು ಉಪವಾಸ ಬೀಳುತ್ತದೆ.

ಬೆಳಗಿನ ಈ ಹೊತ್ತಿಗೆ ಟೆರೇಸಿನಲ್ಲಿ ಮೌನ ಎಂದು ಕರಿಹಲಗೆಯ ಮೇಲೆ ಹೊಸದಾಗಿ ಸೇರಿಸಿದ್ದೆ. ಆದರೆ ಅಜ್ಜಿಗೆ ಕಿವಿ ಮಂದ. ತಾನು ಪಿಸುಮಾತಿನಲ್ಲೇ ಮಾತಾಡುತ್ತೇನೆ ಎಂಬುದು ಆಕೆಯ ನಂಬಿಕೆ. ಆ ಪಿಸುಮಾತು ಬಸ್ ಸ್ಟ್ಯಾಂಡಿಗೆ ಕೇಳಿಸುತ್ತಿತ್ತು.

"ಬಂತೇನ್ರೀ?"

"ಸಾವಕಾಶ ಮಾತಾಡ," ಎಂದರು ಅಜ್ಜ, ಬೈನಾಕ್ಯುಲರ್ ಇಳಿಸದೆ.

"ಸಾವಕಾಶನ ಮಾತಾಡಾಕತ್ತೇನಿ!"

ಅಷ್ಟರಲ್ಲಿ ರೆಕ್ಕೆಯ ಸದ್ದು ಬಂತು. ಮಿಲ್ಲಿನ ಹಬೆ ಬಿಟ್ಟಂತೆ ಭುಸ್ ಭುಸ್ ಎನ್ನುತ್ತ ಗಂಡು ಹಾರಿಬಂದು ಮರಕ್ಕೆ ಆತು ಕುಳಿತಿತು. ಗಂಟಲಿನಿಂದ ಒಂದೊಂದೇ ಅತ್ತಿಹಣ್ಣು ತೆಗೆದು, ಕೊಕ್ಕಿನ ತುದಿಯಲ್ಲಿ ಹಿಡಿದು, ಸೀಳಿನೊಳಗೆ ಚಾಚಿತು. ಒಳಗಿನ ಕೊಕ್ಕು ಇಸಿದುಕೊಂಡಿತು.

"ಇವರು ಸಂತಿಯಿಂದ ಬಂದ್ರ ಚೀಲಾನ ಬಾಗಲ್ದಾಗ ಒಗದು ಹೋಗತಿದ್ರು," ಎಂದಳು ಅಜ್ಜಿ. "ಅದನ್ನ ನೋಡ್ರಿ, ಆರಿಸಿ ಆರಿಸಿ ಬಾಯಾಗ ಇಡಾಕತ್ತೈತಿ."

"ನಿನ್ನ ಬಾಯಿ ಅಷ್ಟ ಸಣ್ಣ ಸಂದಿ ಇದ್ದಿದ್ರ ನಾನೂ ಇಡತಿದ್ನಿ," ಎಂದರು ಅಜ್ಜ.

ಯಜಮಾನರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ನಾನು ಮರದ ಬುಡವನ್ನು ನೋಡುತ್ತಿದ್ದೆ. ಅಲ್ಲಿ ಆಳೆತ್ತರಕ್ಕೆ ಕಟ್ಟಿಗೆ, ಕುಳ್ಳು, ಮುರಿದ ಕುರ್ಚಿ, ಎತ್ತಿನ ಗಾಡಿಯ ಹಳೆ ಗಾಲಿ ಒಟ್ಟಿದ್ದರು. ಮೇಲೆ ಎರಡು ಹಳೆಯ ಟೈರ್. ಅಂದು ಸಂಜೆ ಚಂದ್ರ ಮೂಡಿದಾಗ ಓಣಿಯವರು ಕಾಮಣ್ಣನನ್ನು ಸುಡುವ ಜಾಗ ಅದು. ಬೆಂಕಿಯ ನಾಲಿಗೆ ಪೊಟರೆಯ ತನಕ ಹೋಗದಿದ್ದರೂ ಹೊಗೆ ನೆಟ್ಟಗೆ ಅಲ್ಲಿಗೇ ಹೋಗುತ್ತದೆ.

ಎರಡು ದಿನ ಮೊದಲು ನಾನು ಓಣಿಯ ಹೋಳಿ ಮಂದಿಯ ಹತ್ತಿರ ಹೋಗಿದ್ದೆ. ಅವರ ಮುಂದಾಳು ಮೂಲೆಯ ಗ್ಯಾರೇಜಿನವನು, ನಲವತ್ತೈದರ ಆಸುಪಾಸಿನವನು. ಹಲಗೆ ಬಾರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

"ಆ ಮರದ ಬುಡಕ್ಕ ಈ ಸಲ ಬೆಂಕಿ ಬ್ಯಾಡ. ಮ್ಯಾಲೆ ಗೂಡು ಐತಿ, ಹೊಗಿ ಆಗಬಾರದು," ಎಂದಿದ್ದೆ.

"ಹಕ್ಕಿಗೆ ರೆಕ್ಕಿ ಅದಾವಲ್ರಿ ಅಕ್ಕಾರ. ಹೊಗಿ ಆದ್ರ ಹಾರತಾವ, ಆರಿದ ಮ್ಯಾಲೆ ಬರತಾವ. ಕಾಮಣ್ಣಗ ರೆಕ್ಕಿ ಇಲ್ಲ, ಅಂವಾ ಎಲ್ಲಿ ಹೋಗಬೇಕು? ನಮ್ಮ ಅಪ್ಪನ ಕಾಲದಿಂದ ಅಲ್ಲೇ ಸುಡತೇವ್ರಿ."

ಹಿಂದಿದ್ದವರು ನಕ್ಕರು. ನಾನು ತಿರುಗಿ ಬಂದೆ. ನಿಯಮ ಹೇಳಿ ನನಗೆ ಅಭ್ಯಾಸ, ಕಾರಣ ವಿವರಿಸಿ ಅಭ್ಯಾಸವಿಲ್ಲ. ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಬಹುದಿತ್ತು. ಯಜಮಾನರು ಬೇಡವೆಂದರು. "ಅವರನ್ನ ಕರಿಸಿದ್ರ ಹಕ್ಕಿ ಓಣ್ಯಾಗ ಉಳೀತೈತಿ, ನಾವು ಉಳಿಯೂದಿಲ್ಲ." ಮಾತು ಸರಿಯಾಗಿತ್ತು. ಹಬ್ಬದ ದಿನ ಓಣಿಗೆ ಜೀಪು ತರಿಸಿದವರ ಮನೆಗೆ ಮರುದಿನ ಯಾರೂ ಬಣ್ಣ ಹಿಡಿದು ಬರುವುದಿಲ್ಲ.

ದಾರಿ ತೋರಿಸಿದವಳು ಅಡಿಗೆಯ ಬಾಯಿ. ಜೋಯಿಡಾ ಕಡೆಯವಳು, ಮದುವೆಯಾಗಿ ಈ ಓಣಿಗೆ ಬಂದು ಬಹಳ ವರ್ಷಗಳಾಗಿವೆ. ಹುಣ್ಣಿಮೆಯ ಅದೇ ಬೆಳಗ್ಗೆ ನಾಷ್ಟಾದ ಅವಲಕ್ಕಿ ಕಲಸುತ್ತ ಹೇಳಿದಳು.

"ಕಾಮಣ್ಣನ ಕಟಗಿ ಕದ್ದ ತರಬೇಕ್ರಿ. ಕದ್ದರ ಯಾರೂ ಬೈಯಂಗಿಲ್ಲ. ಆದ್ರ ನಮ್ಮ ಓಣ್ಯಾಗ ಒಂದ ರಿವಾಜ ಐತಿ. ಸಾಮಾನು ಗೇಟ್ ದಾಟೂಕಿಂತ ಮೊದಲ ಮನಿಯವರು ಅದನ್ನ ಹಿಡದ್ರಂದ್ರ ಕದಿಯಾಕ ಬಂದವರು ಸೋತಂಗ. ಮನಿಯವರು ಹೇಳಿದ್ದೊಂದು ಕೆಲಸ ಮಾಡಿಕೊಡಬೇಕು."

"ಯಾವ ಕೆಲಸಾನೂ?"

"ಯಾವುದಾದ್ರೂ. ನಮ್ಮತ್ತಿ ಒಂದ ವರ್ಷ ಬಾವಿ ಕೆಸರು ತೆಗಿಸಿದ್ಳು."

ಹಾಸ್ಟೆಲ್ಲಿನ ಹಿಂದಿನ ಗೋಡೆ ಹಾರುವ ಹುಡುಗಿಯರನ್ನು ಹಿಡಿದು ಪಳಗಿದವಳು ನಾನು. ಒಂಬತ್ತಕ್ಕೆಲ್ಲ ಯೋಜನೆ ಸಿದ್ಧವಾಯಿತು. ನಮ್ಮ ಜಗಲಿಯಲ್ಲಿ ತೇಗದ ಒಂದು ಉದ್ದನೆಯ ಬೆಂಚಿದೆ. ಕೊನೆಯ ದಿನ ಹೋಳಿ ಮಂದಿ ಅದರ ಮೇಲೆ ಕಣ್ಣು ಹಾಕದೆ ಇರಲಾರರು. ಅದನ್ನು ಜಗಲಿಯಿಂದ ಇಳಿಸಿ, ಗೇಟಿನ ಹತ್ತಿರ ಮಾವಿನ ನೆರಳಿಗೆ ಇಟ್ಟೆವು. ಅವರು ಬರುವುದು ಊಟದ ನಂತರ, ಎಲ್ಲರೂ ಒರಗಿದ ಹೊತ್ತಿಗೆ. ಯಜಮಾನರು ಬೆಂಚಿನ ಮೇಲೆಯೇ ಮಲಗಿ ನಿದ್ದೆ ಬಂದವರಂತೆ ನಟಿಸಬೇಕು. ಬಾಯಿ ಹಿತ್ತಿಲ ಬಾಗಿಲಲ್ಲಿ. ನಾನು ಸೀಟಿ ಹಿಡಿದು ನೀರಿನ ಟಾಕಿಯ ಹಿಂದೆ, ಕುರ್ಚಿ ಹಾಕಿಕೊಂಡು.

"ಬೆಂಚ್ ಮ್ಯಾಲೆ ಮಲಗೂ ಡ್ಯೂಟಿ," ಎಂದರು ಯಜಮಾನರು. "ವಾರ್ಡನ್ ಸಾಹೇಬ್ರು ಜೀವಮಾನದಾಗ ಮೊದಲನೇ ಸಲ ಛಲೋ ಡ್ಯೂಟಿ ಹಾಕ್ಯಾರ."

ಎಲ್ಲ ಸರಿಯಾಗಿತ್ತು, ಊಟ ಒಂದನ್ನು ಬಿಟ್ಟು. ಹೋಳಿ ಹುಣ್ಣಿಮೆಗೆ ಹೋಳಿಗೆ ಮಾಡದಿರಲು ಸಾಧ್ಯವಿಲ್ಲ. ಹೋಳಿಗೆಗೆ ತುಪ್ಪ ಹಾಕದಿರಲೂ ಸಾಧ್ಯವಿಲ್ಲ. ಮೇಲೆ ಕಟ್ಟಿನ ಸಾರು, ಅನ್ನ, ಮಜ್ಜಿಗೆ. ಪಹರೆಗೆ ಹೋಗುವವರಿಗೆ ಯಾವ ಊಟ ಬಡಿಸಬಾರದೋ ಅದನ್ನೇ ನಾನು ನಿಂತು ಬಡಿಸಿದೆ, ನಾನೂ ಉಂಡೆ. ಟಾಕಿಯ ಹಿಂದೆ ತಣ್ಣಗಿತ್ತು. ಗಾಳಿಗೆ ಮಾವಿನ ಹೂವಿನ ವಾಸನೆ. ಹಿತ್ತಿಲ ಒಲೆಯ ಮೇಲೆ ಬಾಯಿ ನಾಳಿನ ಬಣ್ಣಕ್ಕೆ ಮುತ್ತುಗದ ಹೂ ಕುದಿಸಲು ಇಟ್ಟಿದ್ದಳು, ಅದರ ಕೊತಕೊತ ಸದ್ದು. ಹಗಲು ನಿದ್ದೆ ಮಾಡಿದವಳಲ್ಲ ನಾನು. ಅಂದು ಮಾಡಿದೆ.

ಎಚ್ಚರವಾದದ್ದು ಹಲಗೆಯ ಬಡಿತಕ್ಕೆ. ಎದ್ದು ನೋಡಿದರೆ ಗೇಟು ತೆರೆದಿತ್ತು. ಮಾವಿನ ಕೆಳಗೆ ಬೆಂಚಿಲ್ಲ. ಬೆಂಚಿದ್ದ ಜಾಗದಲ್ಲಿ ಚಾಪೆ ಹಾಸಿತ್ತು, ಚಾಪೆಯ ಮೇಲೆ ಯಜಮಾನರು ಮಲಗಿದ್ದರು, ತಲೆಯ ಕೆಳಗೆ ದಿಂಬೂ ಇತ್ತು.

"ರೀ! ಬೆಂಚ್ ಎಲ್ಲಿ?"

"ಒಯ್ದ್ರು."

"ನೀವು ಏನ್ ಮಾಡಾಕತ್ತಿದ್ರಿ?"

"ನಾಲ್ಕು ಮಂದಿ ಸೇರಿ ಹೂವಿನಂಗ ಎತ್ತಿ ಚಾಪಿ ಮ್ಯಾಲೆ ಇಟ್ಟ್ರು. ಇಷ್ಟು ಕಾಳಜಿಲೆ ಯಾರೂ ನನ್ನ ಮಲಗಿಸಿದ್ದಿಲ್ಲ. ಏಳಾಕ ಮನಸ ಆಗಲಿಲ್ಲ, ಹಂಗ ಮತ್ತ ನಿದ್ದಿ ಹತ್ತಿತು."

ಬಾಯಿ ಹಿತ್ತಿಲಿನಿಂದ ಕಣ್ಣು ಉಜ್ಜಿಕೊಳ್ಳುತ್ತ ಬಂದಳು. ಒಳಗಿನಿಂದ ಅಜ್ಜ ಬಂದರು. "ನಮ್ಮಾಕಿ ಎಲ್ಲಿ?" ಎಂದರು. ಅಜ್ಜಿ ಜಗಲಿಯಲ್ಲಿ ಇರಲಿಲ್ಲ, ಕೋಣೆಯಲ್ಲೂ ಇರಲಿಲ್ಲ.

ಹಲಗೆಯ ಸದ್ದು ಓಣಿಯ ತುದಿಯಿಂದ ಬರುತ್ತಿತ್ತು. ಸೆರಗು ಸಿಕ್ಕಿಸಿಕೊಂಡು ಓಡಿದೆ. ಉಳಿದವರು ನನ್ನ ಹಿಂದೆಯೇ ಬಂದರು. ಮತ್ತಿಮರದ ಕೆಳಗೆ ಓಣಿಗೆ ಓಣಿಯೇ ನೆರೆದಿತ್ತು. ಕಟ್ಟಿಗೆಯ ರಾಶಿಯ ಪಕ್ಕದಲ್ಲಿ ನಮ್ಮ ತೇಗದ ಬೆಂಚು, ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಗದಗಿನ ಅಜ್ಜಿ. ಯಾರೋ ಆಕೆಯ ಹಣೆಗೆ ಗುಲಾಲು ಹಚ್ಚಿದ್ದರು. ನಾವೆಲ್ಲ ಮಲಗಿದಾಗ ಆಕೆ ಒಬ್ಬಳೇ ಎಚ್ಚರವಿದ್ದಳಂತೆ. ಯಜಮಾನರನ್ನು ಇಳಿಸಿ ಬೆಂಚು ಎತ್ತುವಷ್ಟರಲ್ಲಿ ಬಂದು ಅದರ ಮೇಲೆ ಕೂತುಬಿಟ್ಟಳಂತೆ. ಇಳಿ ಎಂದರೆ ಇಳಿಯಲಿಲ್ಲ. ಕಡೆಗೆ ಬೆಂಚಿನ ಸಮೇತ ಹೊತ್ತುಕೊಂಡು ಓಣಿಯನ್ನೆಲ್ಲ ಸುತ್ತಿಸಿ ತಂದಿದ್ದರು.

"ಇಳೀರಿ ಆಯಿ," ಎಂದು ಗ್ಯಾರೇಜಿನವನು ಕೈ ಮುಗಿಯುತ್ತಿದ್ದ. "ಬೆಂಚ್ ಕಾಮಣ್ಣಂದು ಆತು."

"ನನ್ನೂ ಸೇರಿಸಿ ಸುಡ್ರಿ. ಒಣಗೇನಿ, ಛಲೋ ಉರೀತೇನಿ."

ನಾನು ಮುಂದೆ ಹೋದೆ. "ಸಾಮಾನು ಗೇಟ್ ದಾಟೂಕಿಂತ ಮೊದಲ ಹಿಡದಾಳ. ನೀವು ಸೋತ್ರಿ."

"ಹಿಡದಾಕಿ ಮನಿಯಾಕಿ ಇರಬೇಕಲ್ರಿ ಅಕ್ಕಾರ. ಇವರು ನಿಮ್ಮ ಗಿರಾಕಿ."

"ನಮ್ಮ ಮನ್ಯಾಗ ಉಂಡು ಮಲಗಿದವರು ನಮ್ಮ ಮನಿಯವರು," ಎಂದಳು ಬಾಯಿ ನನ್ನ ಹಿಂದಿನಿಂದ. "ಇವತ್ತ ಅವರ ಹೋಳಗಿಗೆ ನಾನ ಹೂರಣ ರುಬ್ಬೇನಿ."

ವಾದ ಬಿಸಿಯಾಗುತ್ತಿತ್ತು. ಆಗ ಅಜ್ಜ ಬೈನಾಕ್ಯುಲರ್ ಎತ್ತಿ, "ಬಂದೈತಿ ನೋಡ್ರಿ, ಗಂಡು" ಎಂದರು. ಗಂಡು ಮಂಗಟ್ಟೆ ಹಾರಿಬಂದಿತ್ತು. ಕೆಳಗಿನ ಜನ ನೋಡಿ ಮರದ ಸುತ್ತ ಒಂದು ಸುತ್ತು ಹಾಕಿ, ದೂರದ ವಿದ್ಯುತ್ ಕಂಬದ ಮೇಲೆ ಹೋಗಿ ಕುಳಿತಿತು. ಗಂಟಲು ಹಣ್ಣಿನಿಂದ ಉಬ್ಬಿತ್ತು. ಮೇಲೆ ಪೊಟರೆಯ ಸೀಳಿನಿಂದ ಒಳಗಿನ ಕೊಕ್ಕು ಹೊರಗೆ ಬಂದು ಬಾಯಿ ತೆರೆಯಿತು, ಮುಚ್ಚಿತು, ಒಳಗೆ ಹೋಯಿತು.

"ಒಳಗ ಒಂದು ಐತೇನ್ರಿ?" ಎಂದ ಗ್ಯಾರೇಜಿನವನು.

"ಮತ್ತೇನು? ಬಾಗಲಾ ಮೆತ್ತಿಕೊಂಡು ಕುಂತಾಳ ಪಾಪ," ಎಂದಳು ಅಜ್ಜಿ. "ರೆಕ್ಕಿ ಉದುರಸಿಕೊಂಡು ಕುಂತಾಳ. ಗಂಡ ತಂದ್ರ ಉಂಟು, ಇಲ್ಲಾಂದ್ರ ಇಲ್ಲ. ಬಾಣಂತಿ ಕೋಣಿ ಅದು. ಬಾಣಂತಿ ಕೋಣಿ ಮುಂದ ಹೊಗಿ ಹಾಕ್ತಾರೇನೋ?"

"ಹಾಕ್ತಾರಲ್ಲ ಆಯಿ," ಎಂದ ಗುಂಪಿನಿಂದ ಒಬ್ಬ. "ಲೋಬಾನದ್ದು."

"ಕೆಂಡದ ಮ್ಯಾಲೆ ಚಿಟಿಗಿ ಲೋಬಾನ ಹಾಕ್ತಾರ. ಟೈರ್ ಹಾಕೂದಿಲ್ಲ!"

ಇಡೀ ಓಣಿ ನಕ್ಕಿತು. ಗ್ಯಾರೇಜಿನವನು ಮಾತ್ರ ನಗಲಿಲ್ಲ, ಕತ್ತೆತ್ತಿ ಸೀಳನ್ನೇ ನೋಡುತ್ತಿದ್ದ. ಹೆರಿಗೆಗೆ ತವರಿಗೆ ಬಂದಿದ್ದ ಅವನ ಮಗಳು ಹೆತ್ತು ಹದಿನೈದು ದಿನವಾಗಿತ್ತು. ಓಣಿಗೆಲ್ಲ ಪೇಡೆ ಹಂಚಿದ್ದ.

"ಅಕ್ಕಾರ, ಇದನ್ನ ಯಾಕ ಹೇಳಲಿಲ್ಲ?" ಎಂದ. "ಹೊಗಿ ಅಂದ್ರಿ, ಗೂಡು ಅಂದ್ರಿ. ಹಕ್ಕಿ ಒಳಗ ಸಿಕ್ಕೊಂಡು ಕುಂತೈತಿ ಅಂತ ಹೇಳಲಿಲ್ಲ. ನಿಮ್ಮ ಗಿರಾಕಿಗೆ ಫೋಟೋಕ್ಕ ತೊಂದರಿ ಆಗತೈತಿ ಅಂತ ತಿಳಕೊಂಡಿದ್ವಿ."

ಆಮೇಲೆ ಅವನೇ ಹಲಗೆಗೆ ಒಂದು ಏಟು ಕೊಟ್ಟು ಎಲ್ಲರಿಗೂ ಕೇಳುವಂತೆ ಕೂಗಿದ: "ಆಯಿ ಹಿಡದಾರ. ಮಂದಿ ಸೋತೈತಿ. ಅಕ್ಕಾರ ಕೆಲಸ ಹೇಳಲಿ."

"ಕಾಮಣ್ಣನ್ನ ಇಲ್ಲಿಂದ ತೆಗೀರಿ," ಎಂದೆ.

"ತೆಗೀತೇವಿ. ಎಲ್ಲಿ ಇಡೋಣು?"

ಎಲ್ಲರೂ ನನ್ನನ್ನು ನೋಡಿದರು. ಓಣಿಯಲ್ಲಿ ಬೇರೆ ಬಯಲಿಲ್ಲ, ನಮ್ಮ ಅಂಗಳವೊಂದನ್ನು ಬಿಟ್ಟು. ಆ ಅಂಗಳವನ್ನು ನಾನು ಹೇಗೆ ಇಟ್ಟಿದ್ದೇನೆಂಬುದು ಎಲ್ಲರಿಗೂ ಗೊತ್ತು. ದಿನಾ ಕಸ ಹೊಡೆದು ನೀರು ಚಿಮುಕಿಸಿ, ಕಾರು ನಿಲ್ಲಿಸುವ ಜಾಗಕ್ಕೆ ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ಜೋಡಿಸಿದ್ದೇನೆ. ಚಕ್ರ ಆ ಸಾಲು ದಾಟಿದರೆ ಗಿರಾಕಿ ಯಾರೇ ಇರಲಿ ಹಿಂದಕ್ಕೆ ತೆಗೆಸುತ್ತೇನೆ.

"ಒಂದ ವರ್ಷಕ್ಕಂತ ಜಾಗಾ ಬದಲಿ ಮಾಡಾಕ ಬರಂಗಿಲ್ರಿ," ಎಂದು ಗ್ಯಾರೇಜಿನವನು ಮೆಲ್ಲಗೆ ಸೇರಿಸಿದ. "ಕಾಮಣ್ಣ ಬಂದ ಮ್ಯಾಲೆ ಅಲ್ಲೇ. ವರ್ಷಾ ವರ್ಷಾ ಬರತೇವಿ. ಬೂದಿ, ಕೆಂಡ, ಮಂದಿ, ಎಲ್ಲಾ ಬರತೈತಿ."

ಕಂಬದ ಮೇಲೆ ಗಂಡು ಹಕ್ಕಿ ಕಾಲು ಬದಲಿಸಿ ಕುಳಿತಿತು.

"ಮೊದಲು ಗಾಳಿ ನೋಡಬೇಕು," ಎಂದೆ. ಬಾಯಿಯನ್ನು ಕಳಿಸಿ ಊದುಬತ್ತಿ ತರಿಸಿ, ನಮ್ಮ ಅಂಗಳದ ನಡುವೆ ನಿಂತು ಹಚ್ಚಿ ಹಿಡಿದೆ. ಹೊಗೆ ಮರದ ಕಡೆಗೆ ಹೋಗದೆ ನದಿಯ ಕಡೆಗೆ ವಾಲಿತು. "ತರ್ರಿ," ಎಂದೆ.

ಆಮೇಲಿನ ಕೆಲಸ ನನ್ನದು. ಮರದಿಂದ ನಮ್ಮ ಗೇಟಿನ ತನಕ ಸಾಲು ನಿಲ್ಲಿಸಿದೆ, ಗಂಡಸರು ಹೆಂಗಸರು ಎಲ್ಲರೂ. ಸೀಟಿ ಊದಿದೆ. ಕಟ್ಟಿಗೆ ಕೈಯಿಂದ ಕೈಗೆ ಬಂತು.

"ಏ, ಸಾಲು ಬಿಡಬ್ಯಾಡ್ರೋ, ವಾರ್ಡನ್ ಊಟ ಕೊಡಂಗಿಲ್ಲ," ಎಂದು ಗ್ಯಾರೇಜಿನವನು ಕೂಗಿದ.

"ಟೈರ್ ಮಾತ್ರ ನಿನ್ನ ಗ್ಯಾರೇಜಿಗೆ ವಾಪಸ್," ಎಂದೆ.

"ಅದು ಕಾಮಣ್ಣನ ತಲಿದಿಂಬ್ರಿ ಅಕ್ಕಾರ!"

"ಅಂವಗ ದಿಂಬು ನಾ ಕೊಡತೇನಿ," ಎಂದರು ಯಜಮಾನರು. ಬೆಂಚಿನಿಂದ ಇಳಿಸಿದಾಗ ತಮಗೆ ಕೊಟ್ಟಿದ್ದ ದಿಂಬನ್ನು ಕಂಕುಳಲ್ಲಿ ಹಿಡಿದೇ ನಿಂತಿದ್ದರು.

ಐದೂವರೆಯ ಹೊತ್ತಿಗೆ ಮರದ ಬುಡ ಖಾಲಿಯಾಯಿತು. ಉಳಿದ ಚಿಂದಿಯನ್ನು ಬಾಯಿ ಗುಡಿಸಿದಳು. ಅಂಗಳದಲ್ಲಿ ಹೊಸ ರಾಶಿ ಎದ್ದಿತು. ಸುಣ್ಣದ ಕಲ್ಲುಗಳ ಸಾಲನ್ನು ನಾನೇ ಕಿತ್ತು, ರಾಶಿಯ ಸುತ್ತ ದುಂಡಗೆ ಜೋಡಿಸಿದೆ. ನಾಲ್ಕು ಕಡೆ ನೀರು ತುಂಬಿದ ಬಕೆಟ್ ಇಟ್ಟೆ.

ಆದರೆ ಯಾರಿಗೂ ಸಮಾಧಾನವಿರಲಿಲ್ಲ. ಇಷ್ಟು ಗದ್ದಲದ ನಂತರ ಗಂಡು ಮರಳಿ ಬರುತ್ತದೋ ಇಲ್ಲವೋ? ಕಂಬ ಖಾಲಿಯಿತ್ತು, ಯಾವಾಗ ಹಾರಿಹೋಯಿತೋ ಯಾರೂ ನೋಡಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಬಾರದಿದ್ದರೆ ಆ ದಿನ ಬರುವುದಿಲ್ಲ. ಟೆರೇಸಿನ ಮೇಲೆ ಹಿಡಿಸುವಷ್ಟು ಜನ ಹತ್ತಿದರು, ಉಳಿದವರು ಗೇಟಿನಲ್ಲಿ ನಿಂತರು. ಗ್ಯಾರೇಜಿನವನು ಹಲಗೆಯನ್ನು ಎದೆಗೆ ಅವಚಿಕೊಂಡಿದ್ದ. ಮೌನ ಎಂದು ನಾನು ಹೇಳಬೇಕಾಗಲಿಲ್ಲ.

ಬಿಸಿಲು ಮರದ ತಲೆಗೆ ಏರಿತು. ಗಿಳಿಗಳ ಹಿಂಡು ಹೋಯಿತು. ಬೆಳ್ಳಕ್ಕಿಗಳೂ ಹೊರಟವು.

"ಬಂತೇನ್ರೀ?" ಎಂದಳು ಅಜ್ಜಿ ತನ್ನ ಪಿಸುಮಾತಿನಲ್ಲಿ. ಈ ಸಲ ಯಾರೂ ಸುಮ್ಮನಿರಿ ಎನ್ನಲಿಲ್ಲ. ಎಲ್ಲರ ಬಾಯಲ್ಲಿದ್ದದ್ದೂ ಅದೇ ಮಾತು.

ಆಗ ನದಿಯ ಕಡೆಯಿಂದ ಭುಸ್ ಭುಸ್ ಸದ್ದು ಬಂತು. ಗಂಡು ನೆಟ್ಟಗೆ ಬಂದು ಮರಕ್ಕೆ ಆತು ಕುಳಿತು, ಒಮ್ಮೆ ಕೆಳಗೆ ನೋಡಿ, ಒಂದೊಂದೇ ಹಣ್ಣು ತೆಗೆದು ಒಳಗೆ ಕೊಡತೊಡಗಿತು. ಒಳಗಿನ ಕೊಕ್ಕು ಎಳೆದೆಳೆದು ಇಸಿದುಕೊಂಡಿತು.

"ಹಸಿದಾಳ ನೋಡ್ರಿ ಬಾಣಂತಿ," ಎಂದ ಗ್ಯಾರೇಜಿನವನು. ಹಕ್ಕಿ ಹಾರಿಹೋಗುವ ತನಕ ತಡೆದು, ಆಮೇಲೆ ಹಲಗೆ ಬಾರಿಸಿದ ನೋಡಿ, ಟೆರೇಸಿನ ಕಟ್ಟೆ ನಡುಗಿತು.

ಚಂದ್ರ ಮೂಡಿದಾಗ ನಮ್ಮ ಅಂಗಳದಲ್ಲಿ ಕಾಮಣ್ಣನಿಗೆ ಬೆಂಕಿ ಕೊಟ್ಟರು. ಹೊಗೆ ನದಿಯ ಕಡೆಗೇ ಹೋಯಿತು. ತೇಗದ ಬೆಂಚು ಬೆಂಕಿಗೆ ಹೋಗಲಿಲ್ಲ. ಸೋತ ಸಾಮಾನು ಮನೆಗೆ ವಾಪಸ್ ಎಂಬುದೂ ರಿವಾಜೇ. ಅಜ್ಜ ಅಜ್ಜಿ ಅದರ ಮೇಲೆ ಕೂತಿದ್ದರು. ಬೆಂಕಿಯ ಅಂಚಿನಲ್ಲಿ ಸುಟ್ಟ ಕಡಲೆಯ ಸಿಪ್ಪೆ ಬಿಡಿಸಿ ಅಜ್ಜ ಒಂದೊಂದನ್ನೇ ಅಜ್ಜಿಯ ಅಂಗೈಗೆ ಇಡುತ್ತಿದ್ದರು. ಅಜ್ಜಿ ಬೆಂಕಿ ನೋಡುತ್ತಲೇ ತಿನ್ನುತ್ತಿದ್ದಳು.

ಉರಿ ಇಳಿದ ಮೇಲೆ ಮನೆಮನೆಯವರು ಒಲೆ ಹಚ್ಚಲು ಕೆಂಡ ತೆಗೆದುಕೊಂಡು ಹೋದರು. ಒಂಬತ್ತು ದಾಟಿತು, ಚಿಲಕ ಹಾಕುವಂತಿರಲಿಲ್ಲ. ಕೊನೆಗೆ ಬಂದವನು ಗ್ಯಾರೇಜಿನವನು. ಮಗಳಿಗೆ ಎರೆಯುವ ನೀರಿನ ಒಲೆಗೆಂದು ದೊಡ್ಡ ಕೆಂಡ ಆರಿಸಿ ಬುಟ್ಟಿಯ ಬೂದಿಯಲ್ಲಿ ಇಟ್ಟುಕೊಂಡ. ಹೋಗುವಾಗ ಸುಣ್ಣದ ಕಲ್ಲೊಂದು ಕಾಲಿಗೆ ತಾಗಿ ಸರಿದಿದ್ದನ್ನು ನೋಡಿ, ಬಗ್ಗಿ ಸಾಲಿಗೆ ತಂದಿಟ್ಟ.

ಬಾಯಿ ಒಂದು ಸಲಿಕೆ ಕೆಂಡವನ್ನು ಹಿತ್ತಿಲ ಒಲೆಗೆ ಹಾಕಿ ಮನೆಗೆ ಹೋದಳು. ನಾನು ಹಂಡೆಗೆ ನೀರು ತುಂಬಿಸಿದೆ, ಕೆಂಡದ ಮೇಲೆ ಬೂದಿ ಮುಚ್ಚಿದೆ, ಅಂಗಳದ ರಾಶಿಯ ಅಂಚಿಗೆ ನೀರು ಚಿಮುಕಿಸಿದೆ. ಗೇಟಿಗೆ ಚಿಲಕ ಹಾಕಿದೆ.